ಯಾಮನೊಬೆಯ ದಾರಿಯಲ್ಲಿ

ಪ್ರವಾಸ ಹೊರಡುವ ಮೊದಲೇ ಯಾವ ಗಂಟೆಗೆ ಎಲ್ಲಿರಬೇಕೆಂದು ಬರೆದಿಟ್ಟುಕೊಳ್ಳುವವರ ಗುಂಪಿಗೆ ಸೇರಿದವನು ನಾನು. ಮೂವತ್ತು ವರ್ಷ ಶಾಲೆಯ ಗಂಟೆಯ ಸದ್ದಿಗೆ ಎದ್ದು ಕುಳಿತವನಿಗೆ ಇದು ಸಹಜವೇ ಸರಿ. 2018ರ ನವೆಂಬರಿನಲ್ಲಿ ಶಿಕ್ಷಕರ ಸಭೆಯೊಂದರ ನಿಮಿತ್ತ ಜಪಾನಿನ ಒಸಾಕಾ ನಗರಕ್ಕೆ ಹೋದಾಗಲೂ, ಸಭೆ ಮುಗಿದ ಮೇಲಿನ ಮೂರು ದಿನಗಳಿಗೆ ಅಂಥದೊಂದು ಪಟ್ಟಿ ಸಿದ್ಧವಾಗಿತ್ತು. ಅದನ್ನು ಸಿದ್ಧಪಡಿಸಿದವರು ನನ್ನ ಜೊತೆ ಬಂದಿದ್ದ ಹಿರಿಯ ಮಿತ್ರರು. ಜಪಾನೀ ಭಾಷೆಯನ್ನು ಅಷ್ಟಿಷ್ಟು ಬಲ್ಲವರು ಅವರೊಬ್ಬರೇ. ಸಭೆಯ ಕೊನೆಯ ದಿನ ಅವರಿಗೆ ಊರಿನಿಂದ ಕರೆ ಬಂದಿತು. ಅಂದಿನ ರಾತ್ರಿಯ ವಿಮಾನದಲ್ಲೇ ಅವರು ಹಿಂದಿರುಗಬೇಕಾಯಿತು. ಪಟ್ಟಿ ಅವರ ಕೈಚೀಲದಲ್ಲಿ ಉಳಿದು ಅವರೊಂದಿಗೇ ಭಾರತಕ್ಕೆ ಹೊರಟುಹೋಯಿತು.

ಬೆಳಗಾದ ಮೇಲೆ, ಗೊತ್ತಿದ್ದ ಒಂದೇ ಹೆಸರನ್ನು ನೆಚ್ಚಿಕೊಂಡು ನಾರಾ ಪಟ್ಟಣಕ್ಕೆ ಹೋಗುವ ರೈಲನ್ನು ಹತ್ತಿದೆ. 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿ ಮೆರೆದ ಊರು ಅದು. ಅಲ್ಲಿನ ತೋದಾಯಿಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕುಳಿತಿದ್ದಾನೆ. 752ರಲ್ಲಿ ಈ ವಿಗ್ರಹಕ್ಕೆ ಕಣ್ಣು ಬರೆದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿದ್ದರಂತೆ. ನೆರೆದವರೆಲ್ಲರೂ ಆ ದಾರಗಳನ್ನು ಹಿಡಿದು ನಿಂತು ಕಣ್ಣು ಬರೆದ ಪುಣ್ಯದಲ್ಲಿ ಪಾಲುಗೊಂಡರು. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಸಮುದ್ರ ದಾಟಿ ಬಂದು ಇಲ್ಲಿಯೇ ನಿಂತು, ಇಲ್ಲಿಯೇ ದೇಹವಿಟ್ಟ ಆ ಭಿಕ್ಷುವಿಗೆ ಮೊದಲ ದಿನ ಅನ್ನ ನೀಡಿದವರಾರು, ಅವನು ಯಾವ ಮಾತಿನಲ್ಲಿ ಕೇಳಿದನು ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ನೀಲಿ ಟೋಪಿಯ ಶಾಲಾಮಕ್ಕಳ ತಂಡವೊಂದು ನನ್ನನ್ನು ಸುತ್ತುವರಿಯಿತು. ವಿದೇಶೀಯರನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿ ಬರುವುದು ಅವರಿಗೆ ಕೊಟ್ಟ ಪಾಠವಂತೆ. ಕಾಗದ ನೋಡಿಕೊಂಡು ಐದು ಪ್ರಶ್ನೆ ಕೇಳಿದರು, ಉತ್ತರಗಳನ್ನು ಬರೆದುಕೊಂಡರು, ಕಾಗದದಲ್ಲಿ ಮಡಿಸಿದ ಕೊಕ್ಕರೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ಓಡಿದರು. ಅವರ ಉಪಾಧ್ಯಾಯಿನಿ, ಮುಂದೆ ಎಲ್ಲಿಗೆ ಎಂದು ವಿಚಾರಿಸಿದರು. ಗೊತ್ತಿಲ್ಲವೆಂದೆ. ಆಕೆ ಒಂದು ಚೀಟಿಯಲ್ಲಿ ‘ಹೊರ್ಯೂಜಿ’ ಎಂದು ತಮ್ಮ ಲಿಪಿಯಲ್ಲಿ ಬರೆದುಕೊಟ್ಟು, ಅಲ್ಲಿರುವ ಮರದ ಕಟ್ಟಡಗಳು ಲೋಕದಲ್ಲೇ ಅತಿ ಹಳೆಯವೆಂದೂ ನಾರಾದಿಂದ ಮೂರನೆಯ ನಿಲ್ದಾಣವೆಂದೂ ತಿಳಿಸಿದರು.

ಮೂರನೆಯ ನಿಲ್ದಾಣವೇನೋ ಬಂದಿತು. ಆದರೆ ಫಲಕದ ಮೇಲಿನ ಅಕ್ಷರಗಳಿಗೂ ಚೀಟಿಯ ಅಕ್ಷರಗಳಿಗೂ ಸಂಬಂಧವೇ ಇರಲಿಲ್ಲ. ನಾಲ್ಕನೆಯದೂ ಹಾಗೆಯೇ. ನಾನು ಹತ್ತಿದ್ದು ಎರಡೇ ಡಬ್ಬಿಗಳ ಪುಟ್ಟ ರೈಲು. ಅದು ಪಶ್ಚಿಮಕ್ಕೆ ಹೋಗುವ ಬದಲು ಬೆಟ್ಟಗಳ ಬುಡ ಹಿಡಿದು ದಕ್ಷಿಣಕ್ಕೆ ಸಾಗುತ್ತಿತ್ತು. ಕೈಫೋನು, ಜಿಂಕೆಗಳ ಚಿತ್ರ ತೆಗೆದೂ ತೆಗೆದೂ ಸೊರಗಿ ಕಣ್ಣು ಮುಚ್ಚಿತ್ತು. ಎದುರಿಗೆ ಕುಳಿತಿದ್ದ ವೃದ್ಧೆಗೆ ಚೀಟಿಯನ್ನು ತೋರಿಸಿದೆ. ಆಕೆ ಓದಿ, ಬಾಯಿಗೆ ಕೈ ಅಡ್ಡವಿಟ್ಟು ನಕ್ಕು, ನಾವು ಬಂದ ದಿಕ್ಕಿನ ಕಡೆ ಬೆರಳು ಮಾಡಿದಳು. ಮುಂದೆ ಯಾನಗಿಮೊತೊ ಎಂಬ ನಿಲ್ದಾಣದಲ್ಲಿ ನನ್ನನ್ನು ತನ್ನೊಡನೆ ಇಳಿಸಿಕೊಂಡಳು. ಅಲ್ಲಿ ನಿಲ್ದಾಣಾಧಿಕಾರಿಯೂ ಇಲ್ಲ, ಟಿಕೆಟ್ ಕೇಳುವವರೂ ಇಲ್ಲ. ಹಿಂದಿರುಗುವ ರೈಲಿನ ವೇಳೆಯನ್ನು ಗೋಡೆಯ ಪಟ್ಟಿಯಲ್ಲಿ ತೋರಿಸಿದವಳು, ಏನನ್ನೋ ನೆನೆದು ನನ್ನ ತೋಳು ಹಿಡಿದು ಪೂರ್ವದ ಬೆಟ್ಟಗಳ ಕಡೆ ತಿರುಗಿಸಿ, “ಯಾಮನೊಬೆ ನೊ ಮಿಚಿ” ಎಂದಳು. ಬೆಟ್ಟದ ಬದಿಯ ದಾರಿ ಎಂದು ಅದರ ಅರ್ಥ. ಜಪಾನಿನ ಅತಿ ಪ್ರಾಚೀನ ಮಾರ್ಗಗಳಲ್ಲಿ ಇದೂ ಒಂದೆಂದು ಎಣಿಕೆ. ದಾರಿ ಆರಂಭವಾಗುವಲ್ಲಿಯವರೆಗೆ ಬಂದು, ನಡುಬಗ್ಗಿಸಿ ನಮಸ್ಕರಿಸಿ ಆಕೆ ಹೊರಟುಹೋದಳು. ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಪರಸ್ಥಳದವರು ದಾರಿ ಕೇಳಿದರೆ ನಾನು ಗಲ್ಲ ಎತ್ತಿ ದಿಕ್ಕು ತೋರುವುದಷ್ಟೇ ರೂಢಿ. ಅದು ಆಗ ನೆನಪಾಗಬೇಕಾಗಿರಲಿಲ್ಲ, ಆದರೂ ಆಯಿತು.

ಹೊರ್ಯೂಜಿಯನ್ನು ಮರೆತು ನಡೆಯತೊಡಗಿದೆ. ಕೆಲವೇ ಹೆಜ್ಜೆಗಳಾಚೆ ಕಂದಕದ ನೀರಿನ ನಡುವೆ ಕಾಡು ಬೆಳೆದ ಗುಡ್ಡವೊಂದು ಎದುರಾಯಿತು. ಅದು ಗುಡ್ಡವಲ್ಲ; ಸುಜಿನ್ ಚಕ್ರವರ್ತಿಯದೆಂದು ಹೇಳುವ 242 ಮೀಟರ್ ಉದ್ದದ ಸಮಾಧಿ. ಅಲ್ಲಿಂದ ಮುಂದೆ ದಾರಿ ಒಮ್ಮೆ ಹಿತ್ತಿಲುಗಳ ನಡುವೆ ನುಸುಳುತ್ತದೆ, ಒಮ್ಮೆ ಬಿದಿರುಮೆಳೆಯೊಳಗೆ ಮರೆಯಾಗುತ್ತದೆ. ಬಲಕ್ಕೆ ಕೊಯ್ಲಾದ ಭತ್ತದ ಗದ್ದೆಗಳು. ಎಡಕ್ಕೆ ಎಲೆ ಉದುರಿ, ಬರಿಯ ಹಣ್ಣುಗಳನ್ನೇ ತೊಟ್ಟು ನಿಂತ ಕಾಕಿ ಮರಗಳು. ಕಾಕಿ ಎಂದರೆ ನೋಡಲು ದೊಡ್ಡ ಟೊಮ್ಯಾಟೊ ಹಣ್ಣಿನಂತಿರುವ, ಕಿತ್ತಳೆ ಬಣ್ಣದ, ಬಲು ಸಿಹಿಯಾದ ಹಣ್ಣು.

ಹಸಿವು ಕಾಡತೊಡಗಿದಾಗ ಹಿಬಾರಾ ಎಂಬ ದೇವಸ್ಥಾನ ಸಮೀಪಿಸಿತ್ತು. ದಾರಿಯ ಮಗ್ಗುಲಿಗೆ ತಗಡಿನ ಮಾಡಿನ ಕೆಳಗೆ ಹಲಗೆಯೊಂದರ ಮೇಲೆ ಹಣ್ಣಿನ ಚೀಲಗಳು. ಬೆಲೆ 100 ಯೆನ್. ಮಾರುವವರಿಲ್ಲ, ಹಣ ಹಾಕಲು ಸೀಳು ಕೊರೆದ ಡಬ್ಬಿಯಿದೆ, ಅಷ್ಟೇ. ಚೀಲ ಬಿಚ್ಚಿ ಒಂದು ಹಣ್ಣನ್ನು ಕಚ್ಚಿದ ಮೇಲೆ ಜೇಬಿಗೆ ಕೈ ಹಾಕಿದೆ. ಸಾವಿರ ಯೆನ್‌ನ ನೋಟೊಂದರ ಹೊರತು ಒಂದು ನಾಣ್ಯವೂ ಇರಲಿಲ್ಲ. ಒಂದು ಕೈಯಲ್ಲಿ ಕಚ್ಚಿದ ಹಣ್ಣು, ಇನ್ನೊಂದರಲ್ಲಿ ನೋಟು. ಈ ಭಂಗಿಯಲ್ಲಿ ನಾನು ನಿಂತಿರುವಾಗ ಮಾಲೀಕರೇ ಬರಬೇಕೆ! ಎಪ್ಪತ್ತು ದಾಟಿದ ರೈತರು. ಅಂದಿನ ವ್ಯಾಪಾರ ಮುಗಿಸಿ ಡಬ್ಬಿ ಒಯ್ಯಲು ಬಂದವರು. ನನ್ನ ಮುಖ ನೋಡಿದರು, ನೋಟು ನೋಡಿದರು, ಗಟ್ಟಿಯಾಗಿ ನಕ್ಕರು. ನೋಟನ್ನು ಮುಟ್ಟಲಿಲ್ಲ. ಸೊಂಟದ ಚಾಕುವಿನಿಂದ ಇನ್ನೊಂದು ಹಣ್ಣಿನ ಸಿಪ್ಪೆ ಹೆರೆದು ಕೈಗಿತ್ತರು.

“ಇಂದೊ” ಎಂದು ನನ್ನ ಎದೆ ಮುಟ್ಟಿ ತೋರಿಸಿದೆ. ಅವರ ಭಾಷೆಯಲ್ಲಿ ಭಾರತಕ್ಕೆ ಆ ಹೆಸರು. ಅವರು ಕಣ್ಣರಳಿಸಿ “ತೆನ್‌ಜಿಕು!” ಎಂದರು. ಅದು ಬೌದ್ಧರ ಕಾಲದ ಹಳೆಯ ಹೆಸರು. ಹೆಸರು ಹೇಳಿಕೊಂಡದ್ದಾಯಿತು, ಮುಂದೆ ಮಾತಿಲ್ಲ. ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡು ಅವರು ತಮ್ಮ ಅಕ್ಷರಮಾಲೆಯನ್ನು ಬರೆದು ಓದತೊಡಗಿದರು: ಅ, ಇ, ಉ, ಎ, ಒ. ಮುಂದಿನ ಸಾಲು ಕ, ಕಿ, ಕು, ಕೆ, ಕೊ. ಸಾಲುಗಳ ಮೊದಲಕ್ಷರಗಳು ಕ, ಸ, ತ, ನ, ಹ, ಮ, ಯ, ರ, ವ. ಅವರು ‘ಮ’ ಎನ್ನುವುದಕ್ಕೆ ಮೊದಲೇ ನಾನು “ಮ, ಮಿ, ಮು, ಮೆ, ಮೊ” ಎಂದೆ. ‘ಯ’ ಬರೆಯುವ ಮುನ್ನ “ಯ, ರ, ವ” ಎಂದೆ. ಅವರ ಕೈ ಬರೆಯುವುದನ್ನು ಬಿಟ್ಟು ನಿಂತಿತು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಸಂಸ್ಕೃತದ ವರ್ಣಮಾಲೆಯನ್ನು ಕಲಿತ ಬೌದ್ಧ ಭಿಕ್ಷುಗಳ ಅಭ್ಯಾಸದಿಂದಲೇ ಜಪಾನೀ ಅಕ್ಷರಗಳಿಗೆ ಈ ಕ್ರಮ ಬಂದಿದೆ. ನಮ್ಮಲ್ಲಿ ‘ಪ’ ಇರುವೆಡೆ ಅವರಲ್ಲಿ ‘ಹ’ ಇದೆ. ಅವರ ಇಂದಿನ ಹಕಾರ ಹಿಂದೆ ಪಕಾರವಾಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದದ್ದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಆ ಹಿರಿಯರು ಡಬ್ಬಿಯನ್ನು ಕಂಕುಳಲ್ಲಿರಿಸಿಕೊಂಡು ನನ್ನೊಡನೆಯೇ ಹೊರಟರು. ದಾರಿಯ ಕೊನೆಗೆ ಮಿವಾ ಬೆಟ್ಟ. 467 ಮೀಟರ್ ಎತ್ತರದ ಆ ಬೆಟ್ಟವೇ ದೇವರು. ಆದ್ದರಿಂದ ಬುಡದಲ್ಲಿರುವ ಓಮಿವಾ ದೇವಸ್ಥಾನಕ್ಕೆ ಗರ್ಭಗುಡಿಯೇ ಇಲ್ಲ. ಅಂಗಳದ ಮುದಿ ದೇವದಾರುವಿನಲ್ಲಿ ದೇವಸರ್ಪ ನೆಲಸಿದೆಯೆಂದು ನಂಬಿ ಭಕ್ತರು ಮೊಟ್ಟೆಗಳನ್ನಿಟ್ಟಿದ್ದರು. ನಾಗರಕಲ್ಲಿಗೆ ಹಾಲೆರೆಯುವ ನಾಡಿನವನು ನಾನು. ಇದಕ್ಕೆ ಯಾರ ವಿವರಣೆಯೂ ಬೇಕಾಗಲಿಲ್ಲ.

ಕತ್ತಲಾಗುವ ಮುನ್ನ ಅವರು ನನ್ನನ್ನು ಬಂಧುಗಳೊಬ್ಬರ ಊಟದಂಗಡಿಗೆ ಕರೆದೊಯ್ದರು. ಬಿಸಿ ಸಾರಿನಲ್ಲಿ ಬಿಳಿಯ ಎಳೆಗಳು ತೇಲುವ ಬಟ್ಟಲು ಬಂದಿತು. ಸಾರಿನ ಪರಿಮಳದಲ್ಲಿ ಮೀನಿತ್ತು. ನಾನು ಸಸ್ಯಾಹಾರಿ. ಇಷ್ಟು ಆದರದ ನಡುವೆ ಹೇಳುವುದೆಂತು? ಹೇಳದೆ ತಿನ್ನುವುದೆಂತು? ಕೊನೆಗೆ ಪುಸ್ತಕದಲ್ಲಿ ಮೀನಿನ ಚಿತ್ರ ಬರೆದು ಅದರ ಮೇಲೆ ಗೀಟು ಹೊಡೆದು ಕೈಮುಗಿದೆ. ಅಂಗಡಿಯೊಡತಿ ಬಟ್ಟಲನ್ನು ಸರಕ್ಕನೆ ಎತ್ತಿಕೊಂಡು ಒಳಗೆ ಹೋದಳು. ಬೇಸರಪಟ್ಟಳೆಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ, ತಣ್ಣೀರಿನಲ್ಲಿ ತೊಳೆದ ಅದೇ ಬಗೆಯ ಎಳೆಗಳ ಮೇಲೆ ಎಳ್ಳು ಉದುರಿಸಿ, ಹೆರೆದ ಶುಂಠಿಯನ್ನೂ ಸೋಯಾ ರಸವನ್ನೂ ಬೇರೆಯಾಗಿಟ್ಟು ತಂದಳು. ಬಾಯಿಗಿಟ್ಟೊಡನೆ ನನಗೆ ಅರಿವಾಯಿತು: ಇದು ಶಾವಿಗೆ!

ಸೋಮೆನ್ ಎಂಬುದು ಅದರ ಹೆಸರು. ಮಿವಾ ಅದರ ತವರು. ಶಾಲೆಯಿಂದ ಬಂದಿದ್ದ ಅಂಗಡಿಯೊಡತಿಯ ಮೊಮ್ಮಗಳಿಗೆ ತುಸು ಇಂಗ್ಲಿಷ್ ಬರುತ್ತಿತ್ತು. ಅವಳ ಮೂಲಕ ಹಿರಿಯರು, ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದಾಗ ತಮ್ಮ ಮನೆಯಲ್ಲಿ ಸೋಮೆನ್ ಎಳೆಯುತ್ತಿದ್ದುದನ್ನು ಹೇಳಿದರು. ಗೋದಿಹಿಟ್ಟಿನ ಕಣಕಕ್ಕೆ ಎಣ್ಣೆ ಸವರಿ, ಹೊಸೆದು, ಎರಡು ಕೋಲುಗಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಆಗಾಗ್ಗೆ ವಿಶ್ರಾಂತಿ ಕೊಟ್ಟು, ದಾರದಷ್ಟು ಸಣ್ಣಗಾಗುವವರೆಗೆ ಎಳೆದು ಗಾಳಿಗೆ ಒಣಗಿಸುವುದು. ಮೇಜಿನ ಮೇಲೆ ಬರಿಗೈಯಲ್ಲೇ ಅವರು ಅದನ್ನೆಲ್ಲ ಅಭಿನಯಿಸಿದರು. ನಾನು ಧಾರವಾಡದ ಕಡೆಯವನು. ಬೇಸಿಗೆಯಲ್ಲಿ ನನ್ನ ತಾಯಿ ಇಳಿಜಾರಾದ ಉದ್ದನೆಯ ಮಣೆಯ ಮೇಲೆ ಕುಳಿತು ಶಾವಿಗೆ ಹೊಸೆಯುತ್ತಿದ್ದುದನ್ನೂ, ಕೆಳತುದಿಯಲ್ಲಿ ಅತ್ತೆ ಎಳೆಗಳನ್ನು ಹಿಡಿದು ಕೋಲಿಗೆ ಹಾಕುತ್ತಿದ್ದುದನ್ನೂ ಚಿತ್ರ ಬರೆದು ತೋರಿಸಿದೆ. ಆ ಮಣೆಯ ಇಳುಕಲನ್ನು ಅವರು ಬೆರಳಿನಿಂದ ಅಳೆದಳೆದು ನೋಡಿದರು. ತಮ್ಮ ಮಗ ಒಸಾಕಾದಲ್ಲಿ ಉದ್ಯೋಗದಲ್ಲಿದ್ದಾನೆ, ಮನೆಯಲ್ಲಿ ಈಗ ಸೋಮೆನ್ ಎಳೆಯುವವರಿಲ್ಲ ಎಂದರು. ಆಮೇಲೆ ಹುಡುಗಿ ಅವರ ಪ್ರಶ್ನೆಯನ್ನು ನನಗೆ ದಾಟಿಸಿದಳು: “ನಿಮ್ಮ ಮನೆಯಲ್ಲಿ ಈಗ ಯಾರು ಮಾಡುತ್ತಾರೆ?”

ಪೇಟೆಯಿಂದ ಪೊಟ್ಟಣ ತರುತ್ತೇವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತಾಯಿಗೆ ವಯಸ್ಸಾಗಿದೆ ಎಂದಷ್ಟೇ ಹೇಳಿದೆ.

ಮಿವಾ ನಿಲ್ದಾಣದವರೆಗೆ ಬಂದು ಅವರು ಸೋಮೆನ್ ಕಟ್ಟೊಂದನ್ನು ಚೀಲದಲ್ಲಿ ತುರುಕಿದರು. ರೈಲು ತಿರುವಿನಲ್ಲಿ ಮರೆಯಾಗುವವರೆಗೂ ದೀಪದ ಕೆಳಗೆ ನಿಂತೇ ಇದ್ದರು. ಅವರ ಹೆಸರನ್ನು ನನ್ನ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿಕೊಂಡಿದ್ದೆ. ಅಂಗಡಿಯ ವಿಳಾಸವನ್ನು ಹುಡುಗಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಳು. ಉಳಿದೆರಡು ದಿನ ಎಲ್ಲೆಲ್ಲಿ ಸುತ್ತಿದೆನೆಂಬುದು ಹೇಳುವಂಥದ್ದೇನಲ್ಲ.

ಊರಿಗೆ ಬಂದು ಆ ಕಟ್ಟನ್ನು ತಾಯಿಯ ಮುಂದಿಟ್ಟೆ. ಅವಳು ಒಂದೆಳೆಯನ್ನು ತೆಗೆದು ಬೆಳಕಿಗೆ ಹಿಡಿದು, ಬೆರಳುಗಳ ನಡುವೆ ಉಜ್ಜಿ, “ಇದಕ್ಕ ಎಣ್ಣಿ ಹಚ್ಚಿ ಎಳದಾರ ನೋಡು” ಎಂದಳು. ಆಮೇಲೆ, “ನಮ್ಮ ಮಣಿ ಹೆಂಗಿರತದ ಅಂತ ಆ ಹಿರ್ಯಾರಿಗೆ ಹೇಳಿದೇನು?” ಎಂದು ಕೇಳಿದಳು. ಚಿತ್ರ ಬರೆದು ತೋರಿಸಿದೆ ಎಂದೆ.

“ಚಿತ್ರದಾಗ ಏನ್ ತಿಳೀತದ? ಅಟ್ಟದ ಮ್ಯಾಲ ಐತಿ, ಇಳಸು.”

ಇಳಿಸಿದೆ. ಒಂದು ಕಾಲನ್ನು ಗೆದ್ದಲು ತಿಂದಿತ್ತು. ಆ ಕಾಲಿನ ಜಾಗಕ್ಕೆ ಇಟ್ಟಿಗೆಗಳನ್ನು ಜೋಡಿಸಿ, ತಾಯಿಯನ್ನು ಮಣೆಯ ಮೇಲೆ ಕೂಡಿಸಿ ಚಿತ್ರ ತೆಗೆದು, ಮಿವಾದ ಆ ಅಂಗಡಿಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದೆ.