ಶುಶ್ರೂಷಕರ ಮನೋಸ್ಥೈರ್ಯ: ಮಹಾಮಾರಿ ಕಲಿಸಿದ ಪಾಠ

ಆಸ್ಪತ್ರೆಯಲ್ಲಿ ರೋಗಿಯ ಬಳಿ ಅತಿ ಹೆಚ್ಚು ಹೊತ್ತು ಇರುವವರು ಶುಶ್ರೂಷಕರು. ಕೋವಿಡ್ ವಾರ್ಡಿನೊಳಗೆ ಬಂಧುಗಳಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಔಷಧ ಕೊಡುವ, ಆಮ್ಲಜನಕದ ಪ್ರಮಾಣ ನೋಡುವ ಕೆಲಸದೊಂದಿಗೆ ಮನೆಯವರ ಸ್ಥಾನದಲ್ಲಿ ನಿಂತು ಧೈರ್ಯ ಹೇಳುವ ಹೊಣೆಯೂ ಅವರದೇ ಆಯಿತು.

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ನೆರೆಯ ಕಲಬುರಗಿಯಲ್ಲಿ ವರದಿಯಾಯಿತು. ಮೇ ತಿಂಗಳ ಆರಂಭದಲ್ಲಿ ನಮ್ಮ ಯಾದಗಿರಿ ಜಿಲ್ಲೆ ಇನ್ನೂ ಹಸಿರು ವಲಯದಲ್ಲಿತ್ತು. ಯಾದಗಿರಿ, ಶಹಾಪುರ, ಸುರಪುರ ಭಾಗಗಳಿಂದ ಮುಂಬೈ, ಪುಣೆಗಳಿಗೆ ದುಡಿಯಲು ಹೋಗಿದ್ದವರು ಊರಿಗೆ ಮರಳಿದಂತೆ ಕೆಲವೇ ವಾರಗಳಲ್ಲಿ ಸೋಂಕಿತರ ಸಂಖ್ಯೆ ಏರಿತು. ಮರುವರ್ಷದ ಬೇಸಿಗೆಯಲ್ಲಿ ಎರಡನೆಯ ಅಲೆ ಇನ್ನೂ ಉಗ್ರವಾಗಿ ಬಂದಿತು. ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಮೈತುಂಬ ರಕ್ಷಣಾ ಉಡುಪು ಧರಿಸಿ, ಬಾಯಾರಿದರೂ ನೀರು ಕುಡಿಯಲಾಗದೆ ಗಂಟೆಗಟ್ಟಲೆ ನಿಲ್ಲುವುದು ಎಂತಹ ಕಷ್ಟವೆಂಬುದನ್ನು ನಾವು ಊಹಿಸಬಲ್ಲೆವು.

ದೇಹದ ದಣಿವು ನಿದ್ರೆಯಿಂದ ಕಳೆಯುತ್ತದೆ. ಮನದ ದಣಿವು ಅಷ್ಟು ಸುಲಭವಾಗಿ ಕಳೆಯದು. ಮನೆಯ ಮಕ್ಕಳಿಗೆ, ಹಿರಿಯರಿಗೆ ತನ್ನಿಂದ ಸೋಂಕು ತಗುಲೀತೆಂಬ ಭಯ, ನೆರೆಹೊರೆಯವರ ಅನುಮಾನದ ನೋಟ, ರೋಗಿಗೆ ಬೇಕಾದುದು ತಿಳಿದಿದ್ದರೂ ಅದನ್ನು ಒದಗಿಸಲಾಗದ ಸಂಕಟ ಇವೆಲ್ಲ ಒಳಗೇ ಉಳಿಯುತ್ತವೆ. ನಿದ್ರಾಭಂಗ, ಸಣ್ಣ ಮಾತಿಗೂ ಸಿಡುಕು, ಅಕಾರಣ ಅಳು, ರೋಗಿಯ ನೋವಿಗೆ ಮನ ಮಿಡಿಯದಿರುವುದು, ತನ್ನನ್ನೇ ದೂಷಿಸಿಕೊಳ್ಳುವುದು ಅದರ ಲಕ್ಷಣಗಳು.

ಪೆಟ್ಟು ತಿಂದ ಮನಸ್ಸು ಮತ್ತೆ ಚೇತರಿಸಿಕೊಳ್ಳುವ ಶಕ್ತಿಯೇ ಮನೋಸ್ಥೈರ್ಯ. ಕಲ್ಲುಮನಸ್ಸು ಬೇರೆ, ಮನೋಸ್ಥೈರ್ಯ ಬೇರೆ. ಈ ಶಕ್ತಿ ಹುಟ್ಟಿನಿಂದ ಕೆಲವರಿಗಷ್ಟೇ ದೊರೆತ ವರವೂ ಅಲ್ಲ. ಸಾಕಷ್ಟು ವಿಶ್ರಾಂತಿ, ನ್ಯಾಯವಾದ ಪಾಳಿ, ಭರವಸೆಯ ರಕ್ಷಣಾ ಸಾಧನ, ಕಷ್ಟ ಹಂಚಿಕೊಳ್ಳಲು ಒಬ್ಬ ಸಹೋದ್ಯೋಗಿ, ಮನೆಯವರ ಆಸರೆ ಇವುಗಳಿಂದ ಅದು ಬೆಳೆಯುತ್ತದೆ. ಇವಿಲ್ಲದಿದ್ದರೆ ಎಂತಹ ಧೀರರಲ್ಲಿಯೂ ಕುಂದುತ್ತದೆ. ಪಾಳಿ ಮುಗಿದ ಬಳಿಕ ಕೆಲಕಾಲ ಮೌನವಾಗಿ ಕುಳಿತು ನಿಧಾನವಾಗಿ ಉಸಿರಾಡುವುದು, ಧ್ಯಾನ ಮಾಡುವುದು ಸಹಾಯಕ. ಲಕ್ಷಣಗಳು ಎರಡು ವಾರ ಮೀರಿದರೆ ಮನೋವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅವರನ್ನು ದೇವತೆಯೆಂದು ಕರೆದೆವು, ಚಪ್ಪಾಳೆ ತಟ್ಟಿದೆವು. ದೇವತೆಯೆನಿಸಿಕೊಂಡವಳು ತನಗೆ ದಣಿವಾಗಿದೆ, ಭಯವಾಗಿದೆ ಎಂದು ಯಾರಲ್ಲಿ ಹೇಳಿಕೊಂಡಾಳು? ಅವರದು ಕಾಯಕ, ಅವರು ಕಾಯಕಜೀವಿಗಳು. ಅವರಿಗೂ ಹಸಿವು, ನಿದ್ರೆ, ಕಣ್ಣೀರು ಉಂಟು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಆಸ್ಪತ್ರೆಗೆ ಹೋದಾಗ ಸಿಸ್ಟರ್ ಮೇಲೆ ದನಿಯೇರಿಸದಿರೋಣ. ನಮ್ಮ ಓಣಿಯಲ್ಲಿ ಶುಶ್ರೂಷಕರಿದ್ದರೆ ಅವರ ಮಕ್ಕಳನ್ನು ನೋಡಿಕೊಳ್ಳೋಣ, ರಾತ್ರಿಪಾಳಿ ಮುಗಿಸಿ ಬಂದವರ ಹಗಲುನಿದ್ರೆಗೆ ಭಂಗ ತಾರದಿರೋಣ. “ಊಟ ಆಯ್ತೇನವ್ವಾ?” ಎಂದು ಕೇಳಿ, ಅವರು ಹೇಳುವುದನ್ನು ಕಿವಿಗೊಟ್ಟು ಆಲಿಸೋಣ. ಇನ್ನೊಂದು ಮಹಾಮಾರಿ ಬರುವ ಮುನ್ನ ನಾವು ಮಾಡಿಕೊಳ್ಳಬೇಕಾದ ಸಿದ್ಧತೆಗಳಲ್ಲಿ ಇದೂ ಒಂದು.