ಬೆಕ್ಕು ಏನು ಹೇಳುತ್ತದೆ?



ಬೆಳಗಿನ ಹೊತ್ತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೇವೆ. ಹಿತ್ತಲ ಬಾಗಿಲಿಗೆ ಬೆಕ್ಕು ಬಂದು ‘ಮಿಯಾಂವ್’ ಎನ್ನುತ್ತದೆ. ನಾವು ತಲೆ ಎತ್ತದೆ ಹೇಳುತ್ತೇವೆ:

“ಬಂದ್ಯಾ? ತಡಿ, ಎಮ್ಮಿ ಹಿಂಡ್ಕೊಂಡ ಬರಲಿ.”

ನಾವು ಅದರ ಮುಖ ನೋಡಲಿಲ್ಲ. ಹಸಿವಾಗಿದೆ ಎಂದು ಹೇಗೆ ತಿಳಿಯಿತು? ದನಿಯಿಂದ ತಿಳಿಯಿತು. ಪುಸ್ತಕ ಓದಲು ಕಲಿಯುವ ಮೊದಲೇ ನಾವು ಇದನ್ನು ಕಲಿತಿದ್ದೆವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ನಮ್ಮ ಈ ಕಡೆ ಬೆಕ್ಕಿಲ್ಲದ ಓಣಿ ಇಲ್ಲ. ಜೋಳದ ಚೀಲ ಇದ್ದಲ್ಲಿ ಇಲಿ ಬರುತ್ತದೆ. ಕಬ್ಬಿನ ಹೊಲದ ದಂಡೆಯ ಮನೆಗಳಲ್ಲಿ ಇಲಿಯ ಕಾಟ ಇನ್ನೂ ಹೆಚ್ಚು. ಇಲಿ ಇದ್ದಲ್ಲಿ ಬೆಕ್ಕು ಬೇಕೇ ಬೇಕು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಕ್ಕನ ಮಗ್ಗುಲಲ್ಲಿ ಅದು ಮಲಗಿರುತ್ತದೆ. ಅಥಣಿಯಲ್ಲಿ ಚಪ್ಪಲಿ ಮಾಡುವ ಅಕ್ಕನ ಮಗ್ಗುಲಲ್ಲೂ ಮಲಗಿರುತ್ತದೆ. ಮನೆಮಾತು ಕನ್ನಡವಾದರೆ ಅದು ಬೆಕ್ಕು. ಮರಾಠಿಯಾದರೆ ಮಾಂಜರ. ಕೂಗುವುದು ಮಾತ್ರ ಎರಡೂ ಮನೆಯಲ್ಲಿ ಒಂದೇ.

ಈಗ ಒಂದು ಕೆಲಸ ಮಾಡೋಣ. ‘ಮಿಯಾಂವ್’ ಎಂದು ನೀವೇ ಗಟ್ಟಿಯಾಗಿ ಹೇಳಿರಿ. ನಗಬೇಡಿರಿ! ‘ಮಿ’ ಎನ್ನುವ ಮೊದಲು ತುಟಿ ಕೂಡಿದ್ದವು. ‘ಯಾ’ ಎನ್ನುವಾಗ ಬಾಯಿ ತೆರೆಯಿತು. ‘ವ್’ ಎನ್ನುವಾಗ ಮತ್ತೆ ಮುಚ್ಚುತ್ತಾ ಬಂತು. ಬೆಕ್ಕಿನ ಬಾಯಿಯೂ ಹಾಗೆಯೇ ತೆರೆದು ಮುಚ್ಚುತ್ತದೆ. ಇಂದು ನೋಡಿರಿ, ಗೊತ್ತಾಗುತ್ತದೆ.

ಅಮೆರಿಕದಲ್ಲಿ ಮಿಲ್ಡ್ರೆಡ್ ಮೋಲ್ಕ್ ಎಂಬ ಮಹಿಳೆ ಇದ್ದರು. ಅವರು ಸಾಕಿದ ಬೆಕ್ಕಿನ ದನಿಗಳನ್ನು ಕಿವಿಗೊಟ್ಟು ಕೇಳಿದರು. ಕೇಳಿದ್ದನ್ನು ಬರೆದಿಟ್ಟರು. 1944ರಲ್ಲಿ ಅದು ಅಚ್ಚಾಯಿತು. ಬೆಕ್ಕು ಹೊರಡಿಸುವ ದನಿ ಒಂದಲ್ಲ, ಎರಡಲ್ಲ, 16 ಬಗೆ ಎಂದು ಅವರು ಗುರುತಿಸಿದರು. ಅವನ್ನು ಮೂರು ಗುಂಪು ಮಾಡಿದರು. ಬಾಯಿ ಮುಚ್ಚಿಕೊಂಡು ಮಾಡುವ ದನಿ, ಬಾಯಿ ತೆರೆದು ಮುಚ್ಚುತ್ತಾ ಮಾಡುವ ದನಿ, ಬಾಯಿ ತೆರೆದೇ ಇಟ್ಟು ಮಾಡುವ ದನಿ.

ನಾವು ಅಕ್ಷರ ಕಲಿತದ್ದೂ ಹೀಗೇ ಅಲ್ಲವೇ? ಪ, ಫ, ಬ, ಭ, ಮ – ಇವು ಒಂದೇ ಸಾಲಿನಲ್ಲಿವೆ. ಏಕೆಂದರೆ ಎಲ್ಲಕ್ಕೂ ತುಟಿ ಕೂಡಬೇಕು.

ಮೊದಲು ಬಾಯಿ ಮುಚ್ಚಿದ ದನಿ ನೋಡೋಣ. ಬೆಕ್ಕು ತೊಡೆಯ ಮೇಲೆ ಮಲಗಿ ‘ಗುರ್ ಗುರ್’ ಎನ್ನುತ್ತದೆ. ಈ ದನಿ ಬಿಟ್ಟೂ ಬಿಡದೆ ನಡೆದಿರುತ್ತದೆ. ಉಸಿರು ಒಳಗೆ ಎಳೆಯುವಾಗಲೂ ಬರುತ್ತದೆ, ಹೊರಗೆ ಬಿಡುವಾಗಲೂ ಬರುತ್ತದೆ. ಮರಿಗಳು ಹುಟ್ಟಿದಾಗ ಅವುಗಳ ಕಣ್ಣು ಮುಚ್ಚಿರುತ್ತವೆ, ಕಿವಿಯೂ ಮುಚ್ಚಿರುತ್ತವೆ. ಕಣ್ಣು ಬಿಡಲು ಒಂದು ವಾರ, ಹತ್ತು ದಿನ ಬೇಕು. ಆದರೂ ತಾಯಿಯ ಮೈ ನಡುಗುವುದು ಅವಕ್ಕೆ ತಿಳಿಯುತ್ತದೆ. ಆ ನಡುಕ ಹಿಡಿದು ಹೋಗಿ ಮೊಲೆ ಹುಡುಕುತ್ತವೆ.

ಬಾಯಿ ಮುಚ್ಚಿದ ಇನ್ನೊಂದು ದನಿ ‘ಪುರ್ರ್’ ಎಂದು ಚಿಕ್ಕದಾಗಿ ಬರುತ್ತದೆ. ತಾಯಿಬೆಕ್ಕು ಮರಿಗಳ ಹತ್ತಿರ ಬರುವಾಗ ಹೀಗೆ ಕರೆಯುತ್ತದೆ. ‘ನಾ ಬಂದೇನಿ’ ಅಂದ ಹಾಗೆ. ನಾವು ಹೊಲದಿಂದ ಬಂದಾಗ ಬಾಲ ಎತ್ತಿ ನಮಗೂ ಹೀಗೇ ಅನ್ನುತ್ತದೆ.

ಇನ್ನು ‘ಮಿಯಾಂವ್’. ಇದರಲ್ಲಿ ಒಂದು ಸೋಜಿಗ ಇದೆ. ಮರಿಗಳು ತಾಯಿಯನ್ನು ಕರೆಯಲು ‘ಮೀಂ ಮೀಂ’ ಎನ್ನುತ್ತವೆ. ದೊಡ್ಡವಾದ ಬೆಕ್ಕುಗಳು ತಮ್ಮ ತಮ್ಮೊಳಗೆ ‘ಮಿಯಾಂವ್’ ಎನ್ನುವುದು ತೀರ ಕಡಿಮೆ. ಈ ಮಾತನ್ನು ಅವು ಮನುಷ್ಯರಿಗಾಗಿಯೇ ಇಟ್ಟುಕೊಂಡಿವೆ. ಅಂದರೆ ಹಿತ್ತಲ ಬಾಗಿಲಿನ ಆ ಕೂಗು ನಮಗೇ ಹಾಕಿದ ಕೂಗು. ನಾವು ಉತ್ತರ ಕೊಟ್ಟರೆ ಅದು ಇನ್ನಷ್ಟು ಕೂಗಲು ಕಲಿಯುತ್ತದೆ. ಬೆಕ್ಕಿನ ಜೊತೆ ಮಾತಾಡುವ ಹೆಂಗಸನ್ನು ನೋಡಿ ಗಂಡಸರು ನಗುತ್ತಾರೆ. ನಗಲಿ ಬಿಡಿರಿ.

ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ ಸುಸಾನ್ ಶೋಟ್ಸ್ ಎಂಬ ವಿದ್ವಾಂಸೆ ಇದ್ದಾರೆ. ಜನರ ಮಾತಿನ ಉಚ್ಚಾರ ಅಭ್ಯಾಸ ಮಾಡುವುದು ಅವರ ಕೆಲಸ. ಅವರು ಬೆಕ್ಕಿನ ಕೂಗನ್ನೂ ಯಂತ್ರದಲ್ಲಿ ಹಿಡಿದಿಟ್ಟು ಅಳೆದರು. ಊಟ ಕೇಳುವಾಗ ಕೂಗು ಕೊನೆಗೆ ಮೇಲೇರುತ್ತಿತ್ತು. ಪಶುವೈದ್ಯರ ಹತ್ತಿರ ಒಯ್ದಾಗ ಅದೇ ಕೂಗು ಕೊನೆಗೆ ಕೆಳಗಿಳಿಯುತ್ತಿತ್ತು. ಆ ಕೂಗುಗಳನ್ನು ಜನರಿಗೆ ಕೇಳಿಸಿದರು. ಬೆಕ್ಕಿನ ಒಡನಾಟ ಇದ್ದವರು ಹೆಚ್ಚು ಸರಿಯಾಗಿ ಗುರುತಿಸಿದರು. ಇದು 2014ರ ಮಾತು. ಬೇರೆ ಬೇರೆ ಸೀಮೆಯ ಮಾತಿನ ಧಾಟಿ ಬೆಕ್ಕಿನ ಕೂಗಿಗೂ ಹತ್ತುತ್ತದೆಯೇ ಎಂದು ನೋಡಲು ಅವರು 2016ರಲ್ಲಿ ಇನ್ನೊಂದು ಕೆಲಸ ಹಿಡಿದರು. ಅವರು ನಮ್ಮ ಕಾಗವಾಡದ ಕಡೆ ಬಂದಿದ್ದರೆ ಒಂದೇ ಓಣಿಯಲ್ಲಿ ಎರಡು ಭಾಷೆಯ ಬೆಕ್ಕು ಸಿಗುತ್ತಿದ್ದವು!

ರಾತ್ರಿಯ ಕೂಗಿನ ಮಾತಿಗೆ ಬರೋಣ. ನಡುರಾತ್ರಿ ಬೆಕ್ಕು ಕೂಸು ಅತ್ತ ಹಾಗೆ ಉದ್ದಕ್ಕೆ ಅಳುತ್ತದೆ. ‘ಇದು ಅಪಶಕುನ, ಮನೆಗೆ ಕೇಡು’ ಎಂದು ಹಿರಿಯರು ಬಡಿಗೆ ತೆಗೆದುಕೊಂಡು ಏಳುತ್ತಾರೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಬೆಕ್ಕು ಸಾಕಿದ ಸೊಸೆಗೆ ಬೈಗುಳ. ನಿಜ ಏನು? ಹೆಣ್ಣು ಬೆಕ್ಕು ಬೆದೆಗೆ ಬಂದಿದೆ. ಗಂಡನ್ನು ಕರೆಯುತ್ತಿದೆ. ಎಮ್ಮೆ ಬೆದೆಗೆ ಬಂದಾಗ ಒದರುವುದಿಲ್ಲವೇ? ಅದಕ್ಕೆ ಯಾರೂ ಅಪಶಕುನ ಎನ್ನುವುದಿಲ್ಲ. ಆಕಳು, ಎಮ್ಮೆ ಒದರಿದರೆ ಲಾಭ, ಬೆಕ್ಕು ಒದರಿದರೆ ಕೇಡು – ಇದು ಯಾವ ನ್ಯಾಯ?

ಬೆಕ್ಕು ಗಬ್ಬ ಕಟ್ಟದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬೆದೆಗೆ ಬರಬಹುದು. ಗಬ್ಬ ಕಟ್ಟಿದರೆ ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ. ಮರಿ ಬೇಡವಾದರೆ ಪಶುವೈದ್ಯರನ್ನು ಕೇಳಿ ಆಪರೇಷನ್ ಮಾಡಿಸಬಹುದು. ಆಮೇಲೆ ಈ ಅಳು ನಿಲ್ಲುತ್ತದೆ.

ಬಾಯಿ ತೆರೆದಿಟ್ಟ ದನಿಗಳನ್ನು ಮಕ್ಕಳಿಗೆ ಹೇಳಿಕೊಡಲೇಬೇಕು. ಬೆಕ್ಕು ಹಲ್ಲು ತೋರಿಸಿ ‘ಹಿಸ್ಸ್’ ಎನ್ನುತ್ತದೆ. ಇದು ಬೆಕ್ಕಿನ ಅಂಜಿಕೆ. ‘ದೂರ ಹೋಗು’ ಎಂದು ಅದರ ಅರ್ಥ. ಗಂಟಲಲ್ಲಿ ‘ಗುರ್ರ್’ ಎಂದು ದಪ್ಪಗೆ ಗುರುಗುಟ್ಟಿ ಕಿವಿ ಹಿಂದಕ್ಕೆ ಮಡಚಿದರೆ ಮುಂದಿನದು ಉಗುರು. ತೊಡೆಯ ಮೇಲಿನ ‘ಗುರ್ ಗುರ್’ ಬೇರೆ, ಈ ‘ಗುರ್ರ್’ ಬೇರೆ. ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಕೇಳುವಾಗ ಹಾಗಲ್ಲ. ಮರಿ ಹಾಕಿದ ಬೆಕ್ಕಿನ ಹತ್ತಿರ, ಮೀನು ತಿನ್ನುವ ಬೆಕ್ಕಿನ ಹತ್ತಿರ ಸಣ್ಣ ಮಕ್ಕಳನ್ನು ಬಿಡಬೇಡಿರಿ.

ಬೆಕ್ಕು ಕಚ್ಚಿದರೆ, ಪರಚಿದರೆ ಸುಮ್ಮನೆ ಕೂರಬಾರದು. ಹುಚ್ಚುರೋಗ ಅಂದರೆ ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಸಾಧು ಬೆಕ್ಕು ಕಾರಣವಿಲ್ಲದೆ ಮೈಮೇಲೆ ಬಿದ್ದರೆ, ಅದರ ದನಿ ಒಡೆದು ಗೊಗ್ಗರಾದರೆ, ಜೊಲ್ಲು ಸುರಿದರೆ ಹತ್ತಿರ ಹೋಗಬೇಡಿರಿ. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಖಾರಪುಡಿ, ತಂಬಾಕು ಹಚ್ಚಬೇಡಿರಿ. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿರಿ. ಅಲ್ಲಿ ಚರ್ಮದಲ್ಲಿ ಕೊಡುವ ಚುಚ್ಚುಮದ್ದು ನಾಲ್ಕು ಸಲ. ಮೊದಲನೆಯದು ಆದ ಮೇಲೆ 3 ದಿನಕ್ಕೆ, 7 ದಿನಕ್ಕೆ, 28 ದಿನಕ್ಕೆ. ಚೀಟಿಯಲ್ಲಿ ತಾರೀಖು ಬರೆದಿರುತ್ತಾರೆ. ಆ ತಾರೀಖು ಓದಿಸಲು ಈಗ ಯಾರ ಮನೆಗೂ ಹೋಗಬೇಕಾಗಿಲ್ಲ. ಒಂದು ಸಲವೂ ತಪ್ಪಿಸಬೇಡಿರಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ನಾವೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ನಾವು ಒಂದು ಗಂಡು ಬೆಕ್ಕು ಸಾಕಿದ್ದೆವು. ಹೆಸರು ಕರಿಯಾ. ಒಂದು ದಿನ ಅದು ಬೂದಿಯ ಗುಂಡಿಯಲ್ಲಿ ಹೋಗಿ ಕುಳಿತು ತಿಣುಕಿತು. ಎದ್ದು ಬಂತು. ಮತ್ತೆ ಹೋಗಿ ಕುಳಿತಿತು. ಕುಳಿತಾಗೆಲ್ಲ ‘ಅಂವ್... ಅಂವ್...’ ಎಂದು ಕೂಗುತ್ತಿತ್ತು. ಆ ಕೂಗನ್ನು ಅದರ ಬಾಯಲ್ಲಿ ಹಿಂದೆ ಕೇಳಿರಲಿಲ್ಲ. ಮಗ್ಗುಲ ಮನೆಯವರು ಕೇಳಿದರು:

“ವೈನೀ, ನಿಮ್ಮ ಕರಿಯಾ ಯಾಕ ಹಂಗ ಒದರತೈತಿ?”

“ಹೊಟ್ಟಿ ಕಟ್ಟೇತಿ ಕಾಣತೈತ್ರಿ ಅಕ್ಕಾ. ಔಡಲೆಣ್ಣಿ ಹಾಕೀವಿ.”

“ದನದ ದವಾಖಾನಿಗೆ ಒಯ್ಯಬಾರದ?”

“ಬೆಕ್ಕಿಗೆಂಥಾ ದವಾಖಾನಿ ಬಿಡ್ರಿ!”

ಮರುದಿನ ಅದು ಮೂಲೆ ಸೇರಿತು. ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆವು. ‘ಗುರ್ ಗುರ್’ ಎಂದಿತು. ಆರಾಮಾಯಿತು ಎಂದುಕೊಂಡೆವು. ಮೂರನೆಯ ದಿನ ಸತ್ತುಹೋಯಿತು.

ಆಮೇಲೆ ಪಶುವೈದ್ಯರು ತಿಳಿಸಿ ಹೇಳಿದರು. ಅದಕ್ಕೆ ಕಟ್ಟಿದ್ದು ಹೊಟ್ಟೆಯಲ್ಲ, ಉಚ್ಚೆ. ಗಂಡು ಬೆಕ್ಕಿನ ಉಚ್ಚೆಯ ದಾರಿ ಬಹಳ ಸಣ್ಣದು. ಮರಳಿನಂಥ ಕಣ ಸಿಕ್ಕಿಕೊಂಡರೆ ದಾರಿ ಮುಚ್ಚುತ್ತದೆ. ವಿಷ ಮೈಗೆ ಏರಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಮೊದಲ ದಿನವೇ ಒಯ್ದರೆ ನಳಿಗೆ ಹಾಕಿ ಉಚ್ಚೆ ತೆಗೆಯುತ್ತಾರೆ. ಎಷ್ಟೋ ಬೆಕ್ಕುಗಳು ಬದುಕುತ್ತವೆ. ‘ಹಾಗಾದರೆ ಗುರ್ ಗುರ್ ಯಾಕೆ ಎಂದಿತು?’ ಎಂದು ನಾವು ಕೇಳಿದೆವು. ನೋವಾದಾಗಲೂ ಬೆಕ್ಕು ಹಾಗೆ ಅನ್ನುತ್ತದೆ ಎಂದರು. ಮರಿ ಹಾಕುವಾಗ ಅನ್ನುತ್ತದೆ. ಸಾಯುವಾಗಲೂ ಅನ್ನುತ್ತದೆ.

ನೋವಿಗೆಂದು ಮನೆಯಲ್ಲಿದ್ದ ಗುಳಿಗೆ ಕೊಡಬೇಡಿರಿ ಎಂದೂ ಹೇಳಿದರು. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಒಂದು ಸಾಕು, ಬೆಕ್ಕು ಸಾಯುತ್ತದೆ.

ಈಗ ನಮ್ಮ ಮನೆಯಲ್ಲಿ ಕರಿಯಾನ ಬಣ್ಣದ್ದೇ ಇನ್ನೊಂದು ಬೆಕ್ಕು ಇದೆ. ಅದು ಗುಬ್ಬಿ ಕಂಡರೆ ಹಲ್ಲು ಕಟಕಟ ಮಾಡುತ್ತದೆ. ಹಾಲಿಗೆ ಒಂದು ಕೂಗು, ಬಾಗಿಲು ತೆರೆಯಲು ಒಂದು ಕೂಗು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ ನಾವು ಅವನ್ನು ಬರೆದಿಟ್ಟಿದ್ದೇವೆ. ಹೊಸ ಕೂಗು ಕೇಳಿದ ದಿನ ತಾರೀಖು ಹಾಕುತ್ತೇವೆ.

ನಿಮ್ಮ ಬೆಕ್ಕಿನ ದನಿ ಕೇಳಿರಿ. ಬಿಟ್ಟ ಜಾಗದಲ್ಲಿ ಬರೆಯಿರಿ. ಕನ್ನಡದ ಅಕ್ಷರ ಸಾಲದಿದ್ದರೆ ಎರಡು ಮೂರು ಅಕ್ಷರ ಕೂಡಿಸಿರಿ.

ನಮ್ಮ ಬೆಕ್ಕು ಹಸಿದಾಗ .............. ಎನ್ನುತ್ತದೆ.

ಮರಿಯನ್ನು ಕರೆಯುವಾಗ .............. ಎನ್ನುತ್ತದೆ.

ನಾಯಿ ಕಂಡಾಗ .............. ಎನ್ನುತ್ತದೆ.

ನಾವು ಮನೆಗೆ ಬಂದಾಗ .............. ಎನ್ನುತ್ತದೆ.