ಹಕ್ಕಿಯ ದಾರಿ, ಬಸ್ಸಿನ ದಾರಿ

ಭೂಪಟದಲ್ಲಿ ಮೈಸೂರಿಗೂ ಮಂಗಳೂರಿಗೂ ದಾರ ಹಿಡಿದು ಅಳೆದರೆ ಸುಮಾರು 205 ಕಿಲೋಮೀಟರು ಬರುತ್ತದೆ. ಇದು ವಾಯುಮಾರ್ಗದ ದೂರ. ಹುಣಸೂರು, ಮಡಿಕೇರಿ, ಸುಳ್ಯಗಳ ಮೇಲೆ ಹೋಗುವ ರಸ್ತೆಯಾದರೋ ಸುಮಾರು 250 ಕಿಲೋಮೀಟರು. ಈ ಹೆಚ್ಚಳಕ್ಕೆ ಮುಖ್ಯ ಕಾರಣ ಪಶ್ಚಿಮ ಘಟ್ಟ. ಮಡಿಕೇರಿಯಿರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿ. ಅಲ್ಲಿಂದ ಘಟ್ಟದ ಬುಡದ ಸಂಪಾಜೆಗೆ ನೆಟ್ಟಗೆ ಇಳಿಯುವುದು ಯಾವ ಗಾಡಿಗೂ ಸಾಧ್ಯವಿಲ್ಲ. ಆದುದರಿಂದ ರಸ್ತೆ ಬೆಟ್ಟದ ಮೈಯನ್ನು ಬಳಸಿ ಬಳಸಿ ಇಳಿಯುತ್ತದೆ. ನಮ್ಮ ಹಳ್ಳಿಯ ಹಿರಿಯರು ಊರಿನ ದೂರ ಕೇಳುವಾಗ ‘ಎಷ್ಟು ಮೈಲಿ’ ಎನ್ನುವುದಿಲ್ಲ, ‘ಎಷ್ಟು ಹೊತ್ತಿನ ದಾರಿ’ ಎನ್ನುತ್ತಾರೆ. ಘಟ್ಟದ ಸೀಮೆಗೆ ಈ ಅಳತೆಯೇ ಸರಿಯೆಂದು ನನಗೆ ತೋರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. ವಾಯುಮಾರ್ಗದ ಲೆಕ್ಕ ಒಂದಂಗುಲವೂ ಬದಲಾಗಲಿಲ್ಲ. ಕೊಡಗಿನ ಸಂಪಾಜೆಯವರು ಮಾತ್ರ ತಮ್ಮ ಜಿಲ್ಲೆಯ ಕೇಂದ್ರವಾದ ಮಡಿಕೇರಿಗೆ ಹೋಗಲು ಕರಿಕೆ, ಭಾಗಮಂಡಲಗಳನ್ನು ಸುತ್ತಬೇಕಾಯಿತು.